ರೋಡಿಗಿಳಿದ ವಿಮಾನ

ಸೇತುವೆ ಕೆಳಗೆ ಸಿಕ್ಕಿಹಾಕಿಕೊಂಡ ವಿಮಾನದ ಫೋಟೋನ ನೀವೂ ಒಂದಲ್ಲ ಒಂದು ಸಲ ನೋಡೇ ಇರ್ತೀರ. 2019ರ ಡಿಸೆಂಬರಿನಲ್ಲಿ ಪಶ್ಚಿಮ ಬಂಗಾಳದ ದುರ್ಗಾಪುರದಲ್ಲಿ ಅಂಚೆ ಇಲಾಖೆಯ ಹಳೇ ವಿಮಾನ ಹೊತ್ತ ಲಾರಿ. 2021ರ ಅಕ್ಟೋಬರಿನಲ್ಲಿ ದೆಹಲಿ ಏರ್‌ಪೋರ್ಟ್ ಪಕ್ಕದ ಹೆದ್ದಾರಿಯಲ್ಲಿ, ಪಾದಚಾರಿಗಳ ಮೇಲ್ಸೇತುವೆ ಕೆಳಗೆ, ಏರ್ ಇಂಡಿಯಾ ಗುಜರಿಗೆ ಹಾಕಿದ್ದ ವಿಮಾನ. 2022ರ ನವೆಂಬರಿನಲ್ಲಿ ಆಂಧ್ರದ ಬಾಪಟ್ಲ ಜಿಲ್ಲೆಯಲ್ಲಿ, ಕೊಚ್ಚಿಯಿಂದ ಹೈದರಾಬಾದಿಗೆ ಹೋಟೆಲ್ ಆಗೋಕೆ ಹೊರಟಿದ್ದ ಇನ್ನೊಂದು. 2023ರ ಡಿಸೆಂಬರಿನಲ್ಲಿ ಬಿಹಾರದ ಮೋತಿಹಾರಿಯಲ್ಲಿ, ಮುಂಬೈನಿಂದ ಅಸ್ಸಾಮಿಗೆ ಹೊರಟಿದ್ದದ್ದು ಮತ್ತೊಂದು. ಮೋಡದ ಮೇಲೆ ಹಾರಾಡಿಕೊಂಡಿದ್ದ ಪ್ರಾಣಿ, ಕೊನೆಗಾಲದಲ್ಲಿ ಒಂದು ಕಾಂಕ್ರೀಟ್ ತೊಲೆಗೆ ತಲೆ ಕೊಟ್ಟು ನಿಂತಿರುತ್ತೆ. ಸುತ್ತ ನೂರು ಜನ, ನೂರು ಮೊಬೈಲು.

ಪ್ರತಿ ಸಲ ಇಂಥ ವಿಡಿಯೋ ಬಂದಾಗಲೂ ನಮ್ಮ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಅದೇ ಜೋಕುಗಳು. "ಪೈಲಟ್ ಶಾರ್ಟ್‌ಕಟ್ ತಗೊಂಡಿದಾನೆ", "ಗೂಗಲ್ ಮ್ಯಾಪ್ ನಂಬಿದ್ರೆ ಹಿಂಗೇ", "ಡ್ರೈವರ್‌ಗೆ ಕಣ್ಣು ಕಾಣಲ್ವಾ?". ಮೊದಲೆರಡು ಪರವಾಗಿಲ್ಲ, ಚೆನ್ನಾಗೇ ಇವೆ. ಮೂರನೇದಕ್ಕೆ ನಮ್ಮ ಮನೇಲಿ ಯಾರೂ ನಗಲ್ಲ. ಯಾಕಂದ್ರೆ ನನ್ನ ಚಿಕ್ಕಪ್ಪ ಹನ್ನೊಂದು ವರ್ಷ ಅಂಥದ್ದೇ ಗಾಡಿ ಓಡಿಸಿದವರು. ಅವರ ಕಣ್ಣಿಗೇನೂ ಆಗಿಲ್ಲ. ಕತ್ತಲಲ್ಲಿ ಕರೆಂಟ್ ತಂತಿ ಎಷ್ಟು ಜೋತಾಡ್ತಿದೆ ಅಂತ ಕೆಳಗೆ ನಿಂತೇ ಹೇಳಿಬಿಡ್ತಾರೆ. ಆಮೇಲೆ ಅಳೆದು ನೋಡಿದ್ರೆ ಎರಡು ಬೆರಳು ಆಚೀಚೆ, ಅಷ್ಟೆ.

ಮೊದಲು ಸ್ವಲ್ಪ ಲೆಕ್ಕ ಹೇಳಿಬಿಡ್ತೀನಿ. (ಎಂಜಿನಿಯರ್ ಕೈಗೆ ಬರೆಯೋಕೆ ಕೊಟ್ರೆ ಇದೇ ಕಷ್ಟ ನೋಡಿ :-) ) ನಮ್ಮ ದೇಶದ ಕಾಯಿದೆ ಪ್ರಕಾರ ಸಾಮಾನ್ಯ ಸರಕು ಲಾರಿಯ ಅಗಲ 2.6 ಮೀಟರ್, ಎತ್ತರ 4 ಮೀಟರ್ ದಾಟೋ ಹಾಗಿಲ್ಲ. ದಾಟಿದ್ರೆ ವಿಶೇಷ ಪರವಾನಗಿ ಬೇಕು. ಇನ್ನು ವಿಮಾನ. ನಮ್ಮಲ್ಲಿ ಎಲ್ಲೆಲ್ಲೂ ಹಾರಾಡೋ ಏರ್‌ಬಸ್ ಎ320ನೇ ತಗೊಳ್ಳಿ. ರೆಕ್ಕೆ, ಬಾಲ, ಎಂಜಿನ್ ಎಲ್ಲ ಕಳಚಿಟ್ಟು ಬರೀ ಹೊಟ್ಟೆಯ ಕೊಳವೆ ಉಳಿಸಿಕೊಂಡ್ರೂ ಅದರ ಅಗಲ 3.95 ಮೀಟರ್, ಎತ್ತರ 4.14 ಮೀಟರ್. ಅಂದ್ರೆ ಅದನ್ನ ನೆಲದ ಮೇಲೇ ಎಳ್ಕೊಂಡು ಹೋದ್ರೂ ಲಾರಿಯ ಮಿತಿ ದಾಟಿ ಆಯ್ತು. ನೆಲಕ್ಕೆ ಹತ್ತಿರ ಇರೋ ಲೋಬೆಡ್ ಟ್ರೇಲರ್ ಮೇಲೆ ಇಟ್ರೆ ಹಾಸು ಸುಮಾರು 1 ಮೀಟರ್, ಒಟ್ಟು 5.14. ಕೆಳಗೆ ಕೊಡೋ ಮರದ ದಿಮ್ಮಿ ಸೇರಿದ್ರೆ ಇನ್ನೂ ಜಾಸ್ತಿ. ಹೆದ್ದಾರಿಗಳಲ್ಲಿ ದೊಡ್ಡ ಗಾಡಿಗಳಿಗೆ ಅಂತ ಕಟ್ಟೋ ಅಂಡರ್‌ಪಾಸಿಗೆ ಬಿಡೋ ಎತ್ತರ 5.5 ಮೀಟರ್. ಉಳಿಯೋದು ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಆ ಗೇಣಿನಲ್ಲಿ ಚಿಕ್ಕಪ್ಪನ ಥರದವರ ಜೀವನ ನಡೀತಿತ್ತು.

ಚಿಕ್ಕಪ್ಪ ಹನೂರಿನ ಹತ್ತಿರದ ಹಳ್ಳಿಯವರು, ಅಂದ್ರೆ ನಾವೆಲ್ಲ ಅಲ್ಲಿಯವರೇ. ನಾನು ಓದೋಕೆ ಅಂತ ಕೊಳ್ಳೇಗಾಲಕ್ಕೆ ಬಂದೆ, ಅಲ್ಲಿಂದ ಮೈಸೂರು, ಅಲ್ಲಿಂದ ಬೆಂಗಳೂರು. ಅವರು ಎಸ್ಸೆಸ್ಸೆಲ್ಸಿ ಮುಗಿಸಿದ್ದೇ ಲಾರಿಗೆ ಕ್ಲೀನರ್ ಆಗಿ ಹೋದ್ರು. ನಮ್ಮ ಕಡೆ ಲಾರಿ ಅಂದ್ರೆ ಎರಡು ಲೋಡು, ಒಂದು ಕಬ್ಬು, ಇನ್ನೊಂದು ಕರಿಕಲ್ಲು. ಕಬ್ಬಿನ ಗಾಡಿ ಯಾರು ಬೇಕಾದ್ರೂ ಓಡಿಸಬಹುದು, ಕಲ್ಲಿನ ಗಾಡಿಗೆ ಎದೆ ಬೇಕು ಅಂತಿದ್ರು ಅಜ್ಜಿ. ಕರಿಕಲ್ಲಿನ ದಿಮ್ಮಿ ಸರಪಳಿ ಹಾಕಿ ಬಿಗಿದ್ರೂ ತಿರುವಿನಲ್ಲಿ ತನ್ನ ಭಾರ ತಾನೇ ತೋರಿಸುತ್ತೆ. ಅದನ್ನ ಆರು ವರ್ಷ ಓಡಿಸಿ, ಆಮೇಲೆ ಚಿಕ್ಕಪ್ಪ ದೊಡ್ಡ ಟ್ರೇಲರ್‌ಗೆ ಹೋದ್ರು. ಬಾಯ್ಲರು, ಟ್ರಾನ್ಸ್‌ಫಾರ್ಮರು, ಚಿತ್ರದುರ್ಗದ ಕಡೆ ಗಾಳಿಯಂತ್ರದ ರೆಕ್ಕೆ. ಆ ರೆಕ್ಕೆ ಹೊತ್ತ ಗಾಡಿನ ನೀವು ತುಮಕೂರು ರಸ್ತೇಲಿ ನೋಡಿರಬಹುದು. ಮುಂದೆ ಜೀಪು, ಹಿಂದೆ ಜೀಪು, ಕೆಂಪು ಬಾವುಟ, ನಡುವೆ ತಿಮಿಂಗಿಲದ ಮೂಳೆ ಥರ ಬಿಳಿ ರೆಕ್ಕೆ.

ಊರಿಗೆ ಬಂದಾಗ ಅವರ ಹತ್ರ ಕಥೆ ಕೇಳೋದೇ ಒಂದು ಹಬ್ಬ. ರಾತ್ರಿ ಮಾತ್ರ ಓಡಾಟ. ಹಗಲಲ್ಲಿ ಯಾವುದೋ ಪೆಟ್ರೋಲ್ ಬಂಕ್ ಪಕ್ಕ ಗಾಡಿ ಹಾಕಿ ಅದರ ನೆರಳಲ್ಲೇ ಅಡುಗೆ, ನಿದ್ದೆ. ಗಾಡಿ ಮೇಲೆ ಒಬ್ಬ ಹುಡುಗ ಒಣಗಿದ ಬಿದಿರ ಗಳ ಹಿಡ್ಕೊಂಡು ಕೂತಿರ್ತಾನೆ. ಊರೊಳಗಿನ ತಂತಿ ಬಂತು ಅಂದ್ರೆ ಗಳದಿಂದ ಎತ್ತಿ ಹಿಡೀಬೇಕು, ಗಾಡಿ ಕೆಳಗೆ ನುಸುಳಬೇಕು. ಕೇಬಲ್ ಟಿವಿ ವೈರಾದ್ರೆ ಸರಿ, ಕರೆಂಟಿನದ್ದಾದ್ರೆ ಮೊದಲೇ ಹೇಳಿ ಲೈನ್ ತೆಗೆಸಬೇಕು. ತೆಗೆದಿದಾರೋ ಇಲ್ವೋ ಅಂತ ನೋಡದೆ ಗಳ ಎತ್ತಿದವರ ಕಥೆ ಚಿಕ್ಕಪ್ಪ ಹೇಳ್ತಿರಲಿಲ್ಲ. ಅಜ್ಜಿ ಮುಂದೆ ಅಂತೂ ಇಲ್ಲವೇ ಇಲ್ಲ.

ನನಗೆ ಅದೆಲ್ಲ ನಮ್ಮೂರ ತೇರಿನ ಥರವೇ ಕಾಣ್ತಿತ್ತು. ಬಿಳಿಗಿರಿರಂಗನ ಬೆಟ್ಟದ ದೊಡ್ಡ ತೇರನ್ನೇ ಆಗಲಿ, ಯಾವ ಊರಿನ ತೇರನ್ನೇ ಆಗಲಿ ನೋಡಿ. ಹಗ್ಗ ಹಿಡಿದು ಎಳೆಯೋರು ಸಾವಿರ ಜನ, ಜೈಕಾರ ಎಲ್ಲ ಅವರಿಗೇ. ಆದ್ರೆ ತೇರು ಸರಿಯಾಗಿ ಹೋಗೋದು ಚಕ್ರದ ಪಕ್ಕ ಬಗ್ಗಿ ನಡೆಯೋ ನಾಲ್ಕೈದು ಜನರಿಂದ. ಚಕ್ರದ ಅಡಿಗೆ ಮರದ ತುಂಡು ಕೊಟ್ಟು, ಎಳೆದು, ಮತ್ತೆ ಕೊಟ್ಟು, ಅಷ್ಟು ದೊಡ್ಡ ತೇರನ್ನ ಗೇಣು ಗೇಣಾಗಿ ಓರೆ ಮಾಡ್ತಾರೆ. ದೊಡ್ಡ ಟ್ರೇಲರ್‌ನಲ್ಲೂ ಹಾಗೇ. ಹೈಡ್ರಾಲಿಕ್ ಆಕ್ಸಲ್ ಇರೋ ಗಾಡಿಗೆ ಹಿಂದಿನ ಚಕ್ರಗಳನ್ನ ಬೇರೆಯಾಗಿ ತಿರುಗಿಸೋಕೆ ಒಬ್ಬ ಇರ್ತಾನೆ. ಮುಂದಿರೋ ಡ್ರೈವರ್‌ಗೆ ಹಿಂದೇನಾಗ್ತಿದೆ ಕಾಣಲ್ಲ, ಹಿಂದಿನವನಿಗೆ ಮುಂದಿನದು ಕಾಣಲ್ಲ. ಇಬ್ಬರ ನಡುವೆ ಮೊದಲೆಲ್ಲ ಶಿಳ್ಳೆ, ಟಾರ್ಚು. ಈಗ ವಾಕಿಟಾಕಿ.

ಇರ್ಲಿ, ವಿಷಯಕ್ಕೆ ಬರ್ತೀನಿ. 2020ರ ಫೆಬ್ರವರಿ, ಕೊರೋನಾಗೆ ಸ್ವಲ್ಪ ಮುಂಚೆ. ಚಿಕ್ಕಪ್ಪನಿಗೆ ಒಂದು ವಿಮಾನದ ಲೋಡ್ ಬಂತು. ಹಾರಾಟ ನಿಲ್ಲಿಸಿದ್ದ ಹಳೇ ವಿಮಾನದ ನಡುಭಾಗ. ಯಾರೋ ಕೊಂಡ್ಕೊಂಡು ಹೆದ್ದಾರಿ ಪಕ್ಕ ಹೋಟೆಲ್ ಮಾಡೋರಿದ್ರು. ಚಿಕ್ಕಪ್ಪ ಫೋನ್ ಮಾಡಿ, "ಲೋ ಮಗ, ಇವತ್ತು ನಿನ್ ಚಿಕ್ಕಪ್ಪ ವಿಮಾನ ಓಡುಸ್ತಾವ್ನ ಕನ್ಲಾ" ಅಂತ ನಗ್ತಿದ್ರು. ಕಿಟಕಿ ಸಾಲಿನ ಪಕ್ಕ ನಿಂತ್ಕೊಂಡು ಒಂದು ಫೋಟೋನೂ ಕಳಿಸಿದ್ರು. ಅಜ್ಜಿಗೆ ತೋರಿಸಿದ್ರೆ ಮೊದಲು ಕೇಳಿದ್ದೇ, "ರೆಕ್ಕ ಎಲ್ಲೋದೊ?" ಅಂತ.

ಎರಡನೇ ರಾತ್ರಿ ಅದು ಒಂದು ಅಂಡರ್‌ಪಾಸಿನಲ್ಲಿ ಸಿಕ್ಕಿಹಾಕಿಕೊಳ್ತು. ಊರು, ಕಂಪನಿ ಹೆಸರು ಬೇಡ. ತೊಲೆ ಮೇಲೆ 5.5 ಮೀಟರ್ ಅಂತ ಬರೆದ ಬೋರ್ಡ್ ಇತ್ತು. ಲೋಡಿನ ಒಟ್ಟು ಎತ್ತರ 5.38 ಅಂತ ಚಿಕ್ಕಪ್ಪನೇ ಟೇಪ್ ಹಿಡಿದು ಎರಡು ಸಲ ಅಳೆದಿದ್ರು. ಹನ್ನೆರಡು ಸೆಂಟಿಮೀಟರ್ ಸಂದು ಇರಬೇಕಿತ್ತು. ಗಾಡಿ ನಡುವಿಗೆ ಬಂದಾಗ ತಲೆ ಮೇಲೆ ಕರ್ರ್ ಅಂತ ಸದ್ದು. ಹುಡುಗ ಮೇಲಿಂದ ಕೂಗಿದ. ನಿಲ್ಸಿದ್ರು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಇದು ಹೇಗಾಯ್ತು ಅಂತ ನಾನು ಆಮೇಲೆ ತುಂಬ ದಿನ ಲೆಕ್ಕ ಹಾಕಿದೆ. ಎರಡು ವಿಷಯ.

ಒಂದು, ಡಾಂಬರು. ಪ್ರತಿ ಸಲ ರಸ್ತೆಗೆ ಹೊಸ ಪದರ ಹಾಕಿದಾಗ ನೆಲ ಎರಡೂವರೆಯಿಂದ ಐದು ಸೆಂಟಿಮೀಟರ್ ಮೇಲೇಳುತ್ತೆ. ಹಳೇ ಪದರ ಕೆರೆದು ತೆಗೆದು ಹಾಕಿದ್ರೆ ಸರಿ, ಹಾಗೇ ಮೇಲೆ ಸುರಿದ್ರೆ ರಸ್ತೆ ಬೆಳೀತಾ ಹೋಗುತ್ತೆ. ಸೇತುವೆ ಬೆಳೆಯಲ್ಲ. ಕೊಳ್ಳೇಗಾಲದಲ್ಲೇ ನೋಡಿ, ಹಳೇ ಮನೆಗಳ ಹೊಸ್ತಿಲು ಈಗ ರಸ್ತೆಗಿಂತ ಕೆಳಗೆ ಹೋಗಿದೆ. ಮಳೆ ಬಂದ್ರೆ ನೀರು ಸೀದಾ ಒಳಗೆ. ಅದೇ ಕಥೆ ಇದೂ.

ಎರಡನೇದು ಸ್ವಲ್ಪ ಸೂಕ್ಷ್ಮ. ಅಂಡರ್‌ಪಾಸಿನ ರಸ್ತೆ ತಗ್ಗಿಗೆ ಇಳಿದು ಮತ್ತೆ ಏರುತ್ತೆ. ಬಾಣಲೆ ಥರ. ಅಡುಗೆಮನೇಲಿರೋ ಬಾಣಲೆಯೊಳಗೆ ಒಂದು ಚಿಕ್ಕ ಸ್ಕೇಲ್ ಅಡ್ಡ ಇಟ್ಟು ನೋಡಿ. ಸ್ಕೇಲಿನ ಎರಡು ತುದಿ ಬಾಣಲೆಗೆ ತಾಗಿರುತ್ತೆ, ನಡುವೆ ಸಂದು ಇರುತ್ತೆ. ಉದ್ದ ಟ್ರೇಲರ್ ಕೂಡ ಹಾಗೇ. ಮುಂದಿನ ಚಕ್ರ ಆಚೆ ಏರಿಯಲ್ಲಿ, ಹಿಂದಿನ ಚಕ್ರ ಈಚೆ ಇಳಿಜಾರಿನಲ್ಲಿ ಇದ್ದಾಗ ನಡುಭಾಗ ನೆಲದಿಂದ ಮೇಲೆದ್ದಿರುತ್ತೆ. ಸರಿಯಾಗಿ ಅದೇ ಹೊತ್ತಿಗೆ ಆ ನಡುಭಾಗ ತೊಲೆಯ ಕೆಳಗಿರುತ್ತೆ. ಚಕ್ರಗಳ ನಡುವೆ 14 ಮೀಟರ್ ದೂರ, ತಗ್ಗಿನ ಬಾಗು 300 ಮೀಟರ್ ತ್ರಿಜ್ಯದ್ದು ಅಂತಿಟ್ಕೊಂಡ್ರೆ ಈ ಏರಿಕೆ 8 ಸೆಂಟಿಮೀಟರ್. ಅಂದ್ರೆ 5.38 ಇದ್ದ ಲೋಡು ಅಲ್ಲಿ 5.46 ಆಯ್ತು. ಡಾಂಬರಿನ ಐದು ಸೆಂಟಿಮೀಟರ್ ಕಳೆದ ಮೇಲೆ 5.5 ಇದ್ದ ಸೇತುವೆ 5.45 ಆಯ್ತು. ಒಂದೇ ಒಂದು ಸೆಂಟಿಮೀಟರ್. ನನ್ನ ಹೆಬ್ಬೆರಳಿನ ಉಗುರಿನಷ್ಟೂ ಇಲ್ಲ.

ಚಿಕ್ಕ ಲಾರಿಗೆ ಇದು ಗೊತ್ತೇ ಆಗಲ್ಲ. ಉದ್ದ ಹೆಚ್ಚಾದಷ್ಟೂ ಅದೇ ಸೇತುವೆ ತಗ್ಗಾಗ್ತಾ ಹೋಗುತ್ತೆ. ಹಾಗಾಗಿ ಬೋರ್ಡಿನಲ್ಲಿ ಬರೆದಿರೋ ಎತ್ತರ ಎಲ್ಲರಿಗೂ ಒಂದೇ ಅಲ್ಲ. ಈ ಮಾತು ನಮಗೆ ಎಂಜಿನಿಯರಿಂಗ್‌ನಲ್ಲಿ ಯಾರೂ ಹೇಳಿಕೊಡಲಿಲ್ಲ. ಹೇಳಿಕೊಟ್ಟಿದ್ರೂ ಅವತ್ತು ನಾನು ಕ್ಲಾಸಲ್ಲಿ ಇರ್ತಿದ್ನೋ ಇಲ್ವೋ, ಅದು ಬೇರೆ ವಿಷಯ.

ಬೆಳಿಗ್ಗೆ ತನಕ ಹಾಗೇ ನಿಂತಿದ್ರು. ಕೊನೆಗೆ ಚಿಕ್ಕಪ್ಪನೇ ಟಯರ್‌ಗಳ ಗಾಳಿ ಅರ್ಧ ಇಳಿಸಿ, ಗಾಡಿ ತಗ್ಗಿಸಿ, ಗೇಣು ಗೇಣಾಗಿ ಹಿಂದಕ್ಕೆ ತೆಗೆದ್ರು. ಎಲ್ಲರಿಗೂ ಗೊತ್ತಿರೋ ಹಳೇ ಉಪಾಯ. ಆದ್ರೆ ಅಷ್ಟು ಭಾರ ಹೊತ್ಕೊಂಡು ಗಾಳಿ ಇಲ್ಲದ ಟಯರ್ ಮೇಲೆ ಹಿಂದಕ್ಕೆ ಬರೋದು ಮಕ್ಕಳಾಟ ಅಲ್ಲ. ಅಷ್ಟರಲ್ಲಿ ಊರಿನ ಜನ ಎಲ್ಲ ಸೇರಿದ್ರು. ಯಾರೋ ಪುಣ್ಯಾತ್ಮ ಒಬ್ಬ ಎಲ್ಲರಿಗೂ ಟೀ ತಂದ್ಕೊಟ್ಟ. ಇನ್ನೊಬ್ಬ ಪುಣ್ಯಾತ್ಮ ವಿಡಿಯೋ ಮಾಡಿ, ಹಿಂದೆ ಹಾಸ್ಯದ ಮ್ಯೂಸಿಕ್ ಹಾಕಿ ಹರಿಬಿಟ್ಟ. ಆ ವಿಡಿಯೋ ತಿರುಗಿ ತಿರುಗಿ ಹನೂರಿಗೂ ಬಂತು. ಚಿಕ್ಕಮ್ಮ ನೋಡಿದ್ದು ಹಾಗೆ.

ನಷ್ಟ ಅಂತ ಆಗಿದ್ದು ಮೇಲ್ಗಡೆ ಒಂದಷ್ಟು ಉದ್ದ ಗೀರು, ಎರಡು ಕಡೆ ತಗಡು ಒಳಗೆ ಹೋಗಿತ್ತು. ಮೊದಲೇ ಗುಜರಿ ವಿಮಾನ. ಆದ್ರೂ ಮಾಲಿನವರು ದುಡ್ಡು ಹಿಡಿದ್ರು, ಸಾಗಣೆ ಕಂಪನಿಯವರು ಅದನ್ನ ಡ್ರೈವರ್ ಲೆಕ್ಕಕ್ಕೆ ಹಾಕಿದ್ರು. ಎರಡು ತಿಂಗಳ ಸಂಬಳ, ಆ ಟ್ರಿಪ್ಪಿನ ಬಾಟಾ ಎಲ್ಲ ಹೋಯ್ತು. ಇಂಥ ಲೋಡಿಗೆ ಮುಂಚೆ ದಾರಿ ಅಳೆದು ಬರೋಕೆ ಒಬ್ಬ ಹೋಗಬೇಕು. ರೂಟ್ ಸರ್ವೆ ಅಂತಾರೆ. ಕಾಗದದ ಮೇಲೆ ಸರ್ವೆ ಇತ್ತು. ಆ ಸೇತುವೆ ಮುಂದೆ 5.5 ಅಂತಲೇ ಬರೆದಿತ್ತು. ಅದು ಯಾವಾಗ ಅಳೆದದ್ದು, ಅಳೆದದ್ದೋ ಬೋರ್ಡ್ ನೋಡಿ ಬರೆದದ್ದೋ ಅಂತ ಚಿಕ್ಕಪ್ಪ ಕೇಳಿದ್ರು. "ನೀನು ಡ್ರೈವರ್, ನೋಡಿ ಓಡಿಸಬೇಕಾದವನು ನೀನು" ಅನ್ನೋದೇ ಉತ್ತರ. ಕಾಗದಕ್ಕೆ ಸೈನ್ ಹಾಕಿದವನ ಸಂಬಳದಲ್ಲಿ ಒಂದು ರೂಪಾಯೂ ಹಿಡಿಯಲಿಲ್ಲ.

ಅದಾಗಿ ತಿಂಗಳಿಗೆ ಲಾಕ್‌ಡೌನ್. ಮತ್ತೆ ಆ ಕೆಲಸಕ್ಕೆ ಚಿಕ್ಕಪ್ಪ ಹೋಗಲಿಲ್ಲ. ಸಾಲ ಮಾಡಿ ಒಂದು ಗೂಡ್ಸ್ ಟೆಂಪೋ ತಗೊಂಡ್ರು. ಈಗ ಹನೂರು, ಕೊಳ್ಳೇಗಾಲ, ಯಳಂದೂರು ಸುತ್ತಮುತ್ತಲಿನ ಊರುಗಳಿಂದ ರೇಷ್ಮೆಗೂಡು ತುಂಬ್ಕೊಂಡು ರಾಮನಗರದ ಮಾರ್ಕೆಟ್ಟಿಗೆ ರಾತ್ರಿ ಹೊರಡ್ತಾರೆ. ಗೂಡಿನ ಚೀಲ ನೋಡೋಕೆ ಬೆಟ್ಟ, ಎತ್ತಿದ್ರೆ ಹತ್ತಿ. ನಲವತ್ತು ಟನ್ ಎಳೆದ ಕೈಗೆ ಸ್ಟಿಯರಿಂಗ್ ಆಟದ ಸಾಮಾನು ಹಿಡಿದ ಹಾಗಿರುತ್ತಂತೆ.

ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳಲೇಬೇಕು ಈಗ. ನಾನಿರೋದು ಲಾರಿಗಳ ದಾರಿ ಲೆಕ್ಕ ಹಾಕೋ ಸಾಫ್ಟ್‌ವೇರ್ ಮಾಡೋ ಒಂದು ಕಂಪನಿಯಲ್ಲಿ. ನಮ್ಮ ಡೇಟಾಬೇಸಿನಲ್ಲಿ ಲಾರಿ ಅಂದ್ರೆ ಒಂದು ಸಾಲು. ಉದ್ದ, ಅಗಲ, ಎತ್ತರ, ಭಾರ. ಸೇತುವೆ ಅಂದ್ರೆ ಇನ್ನೊಂದು ಸಾಲು. ಅದರಲ್ಲಿ ಎತ್ತರ ಅಂತ ಒಂದು ಕಾಲಂ. ಎರಡನ್ನೂ ಹೋಲಿಸಿ ಹಸಿರು ಗೆರೆ ಎಳೆಯೋದು, ಇಲ್ಲ ಕೆಂಪು ಗೆರೆ ಎಳೆಯೋದು. ಆ ಎತ್ತರ ಯಾವತ್ತು ಅಳೆದದ್ದು ಅನ್ನೋದಕ್ಕೆ ಕಾಲಂ ಇಲ್ಲ. ಯಾರು ಅಳೆದ್ರು ಅನ್ನೋದಕ್ಕೂ ಇಲ್ಲ. ಹಾಲಿನ ಪ್ಯಾಕೆಟ್ ಮೇಲೆ ತಾರೀಕು ಇರುತ್ತೆ, ಬ್ರೆಡ್ ಮೇಲೆ ಇರುತ್ತೆ, ಸೇತುವೆಯ ಎತ್ತರಕ್ಕೆ ಇಲ್ಲ! ನಾನು ಮೀಟಿಂಗಿನಲ್ಲಿ ಎರಡು ಸಲ ಕೇಳಿದೆ. ಮೊದಲ ಸಲ "ಒಳ್ಳೆ ಐಡಿಯಾ, ಬರೆದಿಡಿ" ಅಂದ್ರು. ಎರಡನೇ ಸಲ "ಕಸ್ಟಮರ್ ಯಾರೂ ಕೇಳಿಲ್ವಲ್ಲ" ಅಂದ್ರು. ಕಸ್ಟಮರ್ ಅಂದ್ರೆ ಸಾಗಣೆ ಕಂಪನಿ. ಅವರು ಯಾಕೆ ಕೇಳ್ತಾರೆ? ಸಿಕ್ಕಿಹಾಕಿಕೊಂಡ್ರೆ ದುಡ್ಡು ಹೋಗೋದು ಅವರದ್ದಲ್ವಲ್ಲ. ಮೂರನೇ ಸಲ ಕೇಳೋಕೆ ಒಂದು ಪ್ರೆಸೆಂಟೇಶನ್ ರೆಡಿ ಮಾಡ್ತಾ ಇದೀನಿ, ಬಾಣಲೆ ಸ್ಕೇಲ್ ಚಿತ್ರದ ಸಮೇತ.

ನಮ್ಮೂರ ದಾರಿಗೂ ವಿಮಾನಕ್ಕೂ ಏನು ಸಂಬಂಧ ಅಂತೀರಾ? ಇದೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಕಟ್ಟೋ ತೇಜಸ್ ಯುದ್ಧವಿಮಾನದ ಭಾಗಗಳು ಈಗ ಒಂದೊಂದು ಕಡೆ ತಯಾರಾಗ್ತವೆ. ಹಿಂಭಾಗ ಬೆಂಗಳೂರಿನಲ್ಲೇ, ನಡುಭಾಗ ಹೈದರಾಬಾದಿನಲ್ಲಿ, ರೆಕ್ಕೆ ಕೊಯಮತ್ತೂರಿನ ಎಲ್ ಅಂಡ್ ಟಿಯಲ್ಲಿ. ತೇಜಸ್ ಮಾರ್ಕ್ 1ಎಗೆ ಮೊದಲ ಜೊತೆ ರೆಕ್ಕೆಗಳನ್ನ ಅವರು ಎಚ್‌ಎಎಲ್‌ಗೆ ಒಪ್ಪಿಸಿದ್ದು 2025ರ ಜುಲೈನಲ್ಲಿ. ಆ ಸುದ್ದಿ ಓದಿದ ತಕ್ಷಣ ನಾನು ಮಾಡಿದ್ದೇನು ಗೊತ್ತಾ, ಮ್ಯಾಪ್ ತೆಗೆದೆ. ಕೊಯಮತ್ತೂರಿನಿಂದ ಬೆಂಗಳೂರಿಗೆ ಕಿಲೋಮೀಟರ್ ಲೆಕ್ಕದಲ್ಲಿ ಹತ್ತಿರದ ದಾರಿ ಸತ್ಯಮಂಗಲ, ದಿಂಬಂ, ಚಾಮರಾಜನಗರ, ಸಂತೇಮರಹಳ್ಳಿ, ಯಳಂದೂರು, ಕೊಳ್ಳೇಗಾಲ, ಮಳವಳ್ಳಿ, ಕನಕಪುರ. ಹಳೇ 209, ಈಗ 948ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ. ನಾನು ಸ್ಕೂಲಿಗೆ ಹೋಗ್ತಿದ್ದ ರಸ್ತೆ!

ಈ ದಾರಿ ನಮಗೆ ಬರೀ ದಾರಿ ಆಗಿರಲಿಲ್ಲ. 1956ರ ನವೆಂಬರ್ 1ರ ತನಕ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮೈಸೂರು ಸೀಮೆ, ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಕೊಟ್ಟ ಜಹಗೀರು. ಕೋರ್ಟು, ಕಚೇರಿ, ಜಮೀನಿನ ಕಾಗದ ಅಂದ್ರೆ ನಮ್ಮ ಮುತ್ತಾತನ ಕಾಲದವರು ಕೊಯಮತ್ತೂರಿನ ಕಡೆ ಮುಖ ಮಾಡಬೇಕಿತ್ತು. ಅದೇ ಕೊಯಮತ್ತೂರಿನಿಂದ ಈಗ ಯುದ್ಧವಿಮಾನದ ರೆಕ್ಕೆ ನಮ್ಮೂರ ಬಸ್‌ಸ್ಟ್ಯಾಂಡ್ ಮುಂದೆ ಹಾದುಹೋದ್ರೆ ಹೇಗಿರುತ್ತೆ ಅಂತ ಆಸೆ.

ಆಸೆಗೆ ಅಡ್ಡ ಬರೋದು ದಿಂಬಂ. ಆ ಘಟ್ಟದಲ್ಲಿ 27 ಹೇರ್‌ಪಿನ್ ತಿರುವು. ಅದರ ಮೇಲೆ ಹುಲಿ ಅಭಯಾರಣ್ಯ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರಲ್ಲಿ ರಾತ್ರಿ ಸಂಚಾರಕ್ಕೂ ತಡೆ ಬಂತು, ಭಾರೀ ಗಾಡಿಗಳಿಗೂ ಮಿತಿ ಹಾಕಿದ್ರು. ದೊಡ್ಡ ಲೋಡು ಓಡಾಡೋದೇ ರಾತ್ರಿ. ಇನ್ನು ಹಾಸನೂರಿನ ಹತ್ರ ಕಬ್ಬಿನ ಲಾರಿ ನಿಲ್ಲಿಸಿ ತಿಂಡಿ ವಸೂಲಿ ಮಾಡೋ ಆನೆಗಳು ಬೇರೆ. ವಿಮಾನದ ರೆಕ್ಕೆ ನೋಡಿದ್ರೆ ಅವು ಏನು ಮಾಡ್ತಾವೋ ದೇವರಿಗೇ ಗೊತ್ತು.

ತಿರುವಿನ ಲೆಕ್ಕ ಹೈಸ್ಕೂಲಿನದ್ದೇ, ಪೈಥಾಗೊರಸ್ ಸಾಕು. ಹೇರ್‌ಪಿನ್ ತಿರುವಿನಲ್ಲಿ ಮುಂದಿನ ಚಕ್ರ 15 ಮೀಟರ್ ತ್ರಿಜ್ಯದಲ್ಲಿ ಸುತ್ತಿದ್ರೆ, 12 ಮೀಟರ್ ಹಿಂದಿರೋ ಚಕ್ರ ಒಳಗೆ ಜರುಗಿ ಸುಮಾರು 9 ಮೀಟರ್ ತ್ರಿಜ್ಯದಲ್ಲಿ ಸುತ್ತುತ್ತೆ. 14 ಮೀಟರ್ ಹಿಂದಿದ್ರೆ 5.4. ಗಾಡಿ ಎರಡೇ ಮೀಟರ್ ಉದ್ದ ಆಗಿದ್ದಕ್ಕೆ ಹಿಂದಿನ ಚಕ್ರ ಮೂರೂವರೆ ಮೀಟರ್ ಒಳಗೆ ಹೋಯ್ತು. ಒಳಗೆ ಅಂದ್ರೆ ಬಂಡೆ, ಇಲ್ಲ ಚರಂಡಿ. ಉದ್ದ 15 ಆಯ್ತು ಅಂದ್ರೆ ಲೆಕ್ಕವೇ ಕೈಬಿಡುತ್ತೆ, ಹಿಂದಿನ ಚಕ್ರ ತಿರುಗಿಸೋ ವ್ಯವಸ್ಥೆ ಇಲ್ಲದೆ ಗಾಡಿ ತಿರುಗಲ್ಲ.

ಆದ್ರೆ ತೇಜಸ್ ಚಿಕ್ಕದು. ಈ ತುದಿಯಿಂದ ಆ ತುದಿಗೆ ರೆಕ್ಕೆಯ ಅಗಲ 8.2 ಮೀಟರ್, ಮೂತಿಯಿಂದ ಬಾಲಕ್ಕೆ 13.2. ಒಂದು ಕಡೆಯ ರೆಕ್ಕೆ 4 ಮೀಟರ್ ಕೂಡ ಚಾಚಲ್ಲ. ಚಿಕ್ಕಪ್ಪನ ಮುಂದೆ ಇದನ್ನೆಲ್ಲ ಕಾಗದದ ಮೇಲೆ ಬರೆದು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ ಹೇಳಿದ್ರು: "ಮಲಗ್ಸುದ್ರ ಅಗಲ ಜಾಸ್ತಿ, ನಿಲ್ಸುದ್ರ ಎತ್ರ ಜಾಸ್ತಿ. ಓರ ಮಾಡಿ ಕೂರುಸ್ಬೇಕು. ಉದ್ದುಕ್ಕಲ್ಲ ಕನ್ಲಾ ನಂಗ ಭಯ. ಅದುರು. ಗುಂಡಿ ಒಳಕ್ಕ ಬಿದ್ದು ಎದ್ರ ಅದು ಮತ್ತ ರೆಕ್ಕ ಆಗಿರ್ತದ?" ಆಮೇಲೆ, "ಸೇಲಂ ಕಡೆ ಅಷ್ಟು ದೊಡ್ಡ ರೋಡ್ ಮಡಗಿರುವಾಗ ದಿಂಬಂ ಹತ್ಸವ್ನು ಹುಚ್ಚ" ಅಂತ ಮುಗಿಸಿಬಿಟ್ರು. ನನ್ನ ಆಸೆಗೆ ಎಳ್ಳುನೀರು.

ದೊಡ್ಡ ಸಾಮಾನು ಸಾಗಿಸೋದು ನಮ್ಮ ಸೀಮೆಗೆ ಹೊಸದೇನಲ್ಲ ಅಂದಹಾಗೆ. ಕೊಳ್ಳೇಗಾಲದ ಪಕ್ಕದಲ್ಲೇ ಶಿವನಸಮುದ್ರ. 1902ರ ಜೂನ್ 30ರಂದು ಅಲ್ಲಿಂದ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯ್ತು. ಆ ಯಂತ್ರಗಳು ಬಂದದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್, ಸ್ವಿಟ್ಜರ್‌ಲೆಂಡಿನ ಎಷರ್ ವಿಸ್ ಕಂಪನಿಗಳಿಂದ. ಹಡಗು, ರೈಲು ಎಲ್ಲ ಮುಗಿದು ಮದ್ದೂರು ಸ್ಟೇಷನ್ನಿನಲ್ಲಿ ಇಳಿದ ಮೇಲೆ ಮುಂದಿನ ದಾರಿ ಎತ್ತು, ಕುದುರೆ, ಆನೆ ಕಟ್ಟಿದ ಗಾಡಿಗಳಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಹೆಸರು ಎಲ್ಲರಿಗೂ ಗೊತ್ತು, ಕ್ಯಾಪ್ಟನ್ ಲಾಟ್‌ಬಿನಿಯರ್ ಹೆಸರು ಕೆಲವರಿಗೆ ಗೊತ್ತು. ಮಳವಳ್ಳಿ ದಾಟಿಸಿ ಆ ಚಕ್ರದ ಪಕ್ಕ ಬಗ್ಗಿ ನಡೆದವರ ಹೆಸರು ಎಲ್ಲೂ ಕಾಣಲ್ಲ.

ಲೋಡಿಗೆ ತಕ್ಕ ರಸ್ತೆ ಮಾಡಿದ ದೇಶವೂ ಇದೆ. ಏರ್‌ಬಸ್‌ನವರ ಎ380, ಎರಡು ಅಂತಸ್ತಿನ ದೈತ್ಯ, ರೆಕ್ಕೆಗಳ ಅಗಲವೇ 79.75 ಮೀಟರ್. ಅದರ ಭಾಗಗಳು ಬೇರೆ ಬೇರೆ ದೇಶಗಳಲ್ಲಿ ತಯಾರಾಗಿ, ಹಡಗಲ್ಲಿ ಫ್ರಾನ್ಸಿನ ಪೊಯಾಕ್ ಬಂದರಿಗೆ ಬಂದು, ಅಲ್ಲಿಂದ ದೋಣಿಯಲ್ಲಿ ಗಾರೊನ್ ನದಿ ಹಿಡಿದು ಬೋರ್ಡೋ ಊರಿನ ಹಳೇ ಕಲ್ಲು ಸೇತುವೆಯ ಕಮಾನಿನ ಕೆಳಗೆ ನುಸುಳಿ, ಲಾಂಗೊನ್‌ನಲ್ಲಿ ದಡ ಸೇರ್ತಿದ್ವು. ಮುಂದೆ ತುಲೂಸ್ ತನಕ ಸುಮಾರು 240 ಕಿಲೋಮೀಟರ್ ರಸ್ತೆ. ಒಂದು ವಿಮಾನಕ್ಕೆ ಆರು ಗಾಡಿ. ಮೂರರಲ್ಲಿ ಒಡಲಿನ ತುಂಡುಗಳು, ಎರಡರಲ್ಲಿ ರೆಕ್ಕೆ, ಒಂದರಲ್ಲಿ ಬಾಲದ ಅಡ್ಡರೆಕ್ಕೆ. ರಾತ್ರಿ ಮಾತ್ರ ಪಯಣ. ಇದಕ್ಕಂತಲೇ ರಸ್ತೆ ಅಗಲ ಮಾಡಿದ್ರು, ಊರುಗಳ ಹೊರಗೆ ಹೊಸ ದಾರಿ ಹಾಕಿದ್ರು, ಮರ ಸವರಿದ್ರು. 2004ರಲ್ಲಿ ಆ ದಾರಿ ಶುರುವಾಯ್ತು. ಲೆವಿಗ್ನಾಕ್ ಅನ್ನೋ ಪುಟ್ಟ ಊರಿನಲ್ಲಿ ಮಾತ್ರ ಊರೊಳಗೇ ಹೋಗಬೇಕಿತ್ತು. ಮನೆ ಕಿಟಕಿಯಿಂದ ಕೈ ಚಾಚಿದ್ರೆ ವಿಮಾನ ಸಿಗೋ ಅಷ್ಟು ಹತ್ರ. ಜನ ಮಕ್ಕಳನ್ನ ಎತ್ಕೊಂಡು ಅರ್ಧರಾತ್ರೀಲಿ ನಿಂತು ನೋಡ್ತಿದ್ರು, ತೇರಿಗೆ ನಿಂತ ಹಾಗೆ. 2020ರಲ್ಲಿ ಆ ಸಾಲು ನಿಂತುಹೋಯ್ತು. ಕೊನೇ ಎ380ನ ಕಂಪನಿ ಕೈದಾಟಿಸಿದ್ದು 2021ರ ಡಿಸೆಂಬರಿನಲ್ಲಿ.

ಅವರ ಹತ್ರ ದುಡ್ಡಿತ್ತು ಮಾಡಿದ್ರು ಅನ್ನಬಹುದು. ನನಗೆ ಹೊಟ್ಟೆಕಿಚ್ಚಾಗಿದ್ದು ದುಡ್ಡಿಗಲ್ಲ. ಪ್ರತಿ ತಿರುವು, ಪ್ರತಿ ಕಂಬ, ಪ್ರತಿ ಕೊಂಬೆಯನ್ನ ಗಾಡಿ ಹೊರಡೋ ಮುಂಚೆಯೇ ಒಬ್ಬ ಅಳೆದಿರ್ತಿದ್ದ. ತಪ್ಪಾದ್ರೆ ಮೊದಲು ಆ ಅಳತೆಯನ್ನ ಕೇಳ್ತಾರೆ. ನಮ್ಮಲ್ಲಿ ಮೊದಲು ಕೇಳೋದು ಡ್ರೈವರನ್ನ.

ನಮ್ಮಲ್ಲೂ ಚೆನ್ನಾಗಿ ಆಗಿದ್ದಿದೆ, ಇಲ್ಲ ಅನ್ನಬಾರದು. ಕಾರವಾರದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆಯ ಪಕ್ಕ ಈಗ ಒಂದು ಟುಪೊಲೆವ್-142 ವಿಮಾನ ಇದೆ. ರಷ್ಯಾದವರ ಸೃಷ್ಟಿ, 1988ರಲ್ಲಿ ನಮ್ಮ ನೌಕಾಪಡೆಗೆ ಸೇರಿದ ಜಾತಿ, 2017ರ ಮಾರ್ಚ್ ತನಕ ಸಮುದ್ರ ಕಾಯ್ತು. ಉದ್ದ 53 ಮೀಟರ್, ರೆಕ್ಕೆಗಳ ಅಗಲ 50 ಮೀಟರ್. ನಾಲ್ಕು ಎಂಜಿನ್, ಒಂದೊಂದಕ್ಕೂ ಎದುರುಬದುರು ತಿರುಗೋ ಎರಡೆರಡು ಫ್ಯಾನು, ಒಂದೊಂದು ಎಂಜಿನ್ನೂ ಸುಮಾರು 15,000 ಅಶ್ವಶಕ್ತಿ. ತಮಿಳುನಾಡಿನ ಅರಕ್ಕೋಣಂನಲ್ಲಿರೋ ಐಎನ್‌ಎಸ್ ರಾಜಾಳಿಯಲ್ಲಿ ಇದ್ದದ್ದನ್ನ ಬಿಚ್ಚಿ, 2023ರಲ್ಲಿ ರಸ್ತೆ ಮೇಲೆ ಕಾರವಾರಕ್ಕೆ ತಂದು, ಮತ್ತೆ ಜೋಡಿಸಿ 2024ರಲ್ಲಿ ಜನರಿಗೆ ತೆರೆದ್ರು. ಆ ಕರಾವಳಿಯಿಂದ ಈ ಕರಾವಳಿ ತನಕ, ನಡುವೆ ಪಶ್ಚಿಮ ಘಟ್ಟ ದಾಟಿ. ಅದರ ಬಗ್ಗೆ ನಮ್ಮ ಆಫೀಸ್ ಗುಂಪಿನಲ್ಲಿ ಒಂದು ಫಾರ್ವರ್ಡೂ ಬರಲಿಲ್ಲ. ಎಲ್ಲೂ ಸಿಕ್ಕಿಹಾಕಿಕೊಳ್ಳದೆ ತಲುಪಿದ ಲೋಡನ್ನ ಯಾರು ನೋಡ್ತಾರೆ.

ಹೋದ ವರ್ಷ ಚಿಕ್ಕಪ್ಪನಿಗೆ ಇನ್ನೊಂದು ಸಾಗಣೆ ಕಂಪನಿಯಿಂದ ಫೋನ್ ಬಂತು. ಅನುಭವ ಇರೋ ಡ್ರೈವರ್ ಬೇಕು, ಒಳ್ಳೆ ಸಂಬಳ. ಟೆಂಪೋ ಸಾಲ ಇನ್ನೂ ಇದೆ, ತಂಗಿ ಓದ್ತಿದಾಳೆ, ಚಿಕ್ಕಮ್ಮನಿಗೂ ಮನಸ್ಸಿತ್ತು. ಚಿಕ್ಕಪ್ಪ ಒಂದೇ ಕೇಳಿದ್ರು, ಲೋಡ್ ಹೊರಡೋ ಹಿಂದಿನ ದಿನ ಒಬ್ಬ ಮನುಷ್ಯ ಗಳ ಹಿಡ್ಕೊಂಡು ದಾರಿ ಪೂರ್ತಿ ಹೋಗಿ ಬರಬೇಕು, ಅವನ ಕಾಗದ ನನ್ನ ಕೈಲಿರಬೇಕು ಅಂತ. "ಅದೆಲ್ಲ ಈಗ ಕಂಪ್ಯೂಟರಲ್ಲೇ ಇರುತ್ತೆ ಯಜಮಾನ್ರೇ" ಅಂದ್ರಂತೆ ಆ ಕಡೆಯಿಂದ. ಚಿಕ್ಕಪ್ಪ ಹೋಗಲಿಲ್ಲ. ನನಗೆ ಈ ಮಾತು ಹೇಳುವಾಗ ನನ್ನ ಮುಖ ನೋಡ್ತಾ ಇದ್ರು. ನಾನು ಕಾಲಂ ವಿಷಯ ಹೇಳಿದೆ. "ತಾರೀಕ್ ಹಾಕ್ಸು, ಆಮೇಲ ನೋಡುವ" ಅಂದ್ರು.

ಡಿಸೆಂಬರಿನಲ್ಲಿ ಮನೆಯವರೆಲ್ಲ ಗೋಕರ್ಣಕ್ಕೆ ಹೋದಾಗ ಕಾರವಾರಕ್ಕೂ ಹೋದ್ವಿ. ಚಿಕ್ಕಮ್ಮ, ತಂಗಿ ಎಲ್ಲ ಟುಪೊಲೆವ್ ಮುಂದೆ ಫೋಟೋ ತೆಗೆಸಿಕೊಳ್ತಿದ್ರೆ ಚಿಕ್ಕಪ್ಪ ಅದರ ಹೊಟ್ಟೆ ಕೆಳಗೆ ಬಗ್ಗಿ ನಡೀತಿದ್ರು. ಫ್ಯಾನು, ಎಂಜಿನ್ ಕಡೆ ನೋಡಲೇ ಇಲ್ಲ. ರೆಕ್ಕೆ ಒಡಲಿಗೆ ಸೇರೋ ಜಾಗದಲ್ಲಿ ನಿಂತು, ಬಿಚ್ಚಿ ಜೋಡಿಸಿದ ಗೆರೆಯನ್ನ ಕಣ್ಣಲ್ಲೇ ತಡವಿದ್ರು. ಆಮೇಲೆ ಹೊರಗೆ ಹೊರಟುಹೋದ್ರು. ನಾನು ಹುಡುಕಿಕೊಂಡು ಹೋದ್ರೆ, ಹೆದ್ದಾರಿಯಿಂದ ಬೀಚಿನ ಕಡೆ ತಿರುಗೋ ಜಾಗದಲ್ಲಿ, ಬಿಸಿಲಲ್ಲಿ, ಲೈಟ್ ಕಂಬದಿಂದ ಎದುರಿನ ಕಲ್ಲಿನ ತನಕ ಹೆಜ್ಜೆ ಎಣಿಸ್ತಾ ಇದಾರೆ. ಎಳನೀರಿನವನು ಯಾರಪ್ಪ ಇವನು ಅನ್ನೋ ಥರ ನೋಡ್ತಿದ್ದ.

"ಒಂದೇ ಏಟ್ಗ ಬಂದಿಲ್ಲ ಕನ್ಲಾ ಇಲ್ಲಿ" ಅಂದ್ರು. "ಎರಡ್ಸಲಿ ಹಿಂದುಕ್ಕ ತಗಂಡವ್ರ. ಒಳ್ಳೆ ಡ್ರೈವರು." ಮತ್ತೆ ಎಣಿಸಿದ್ರು. "ಹದ್ನೇಳೆಜ್ಜ. ಬರ್ಕೊ ಫೋನಲ್ಲಿ. ತಾರೀಕ್ನೂ ಹಾಕು."